ಸ್ಟ್ರಿಪ್ ತಿರುಗಿಸಿ ನೋಡಿ

(ನಮ್ಮ ಬಡಾವಣೆಯ ಹಿರಿಯರು ಭಾನುವಾರ ಬೆಳಿಗ್ಗೆ ಸೇರುವ ಕೂಟದಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಒಂದಿಷ್ಟು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬರುವಾಗ ನಿಮ್ಮ ನಿಮ್ಮ ಶುಗರ್ ಮಾತ್ರೆ ತನ್ನಿ ಎಂದು ಹೇಳಿ ಕಳಿಸಿದ್ದೆ. ತಂದಿದ್ದೀರಾ? ಹಾಗಾದರೆ ಕೈಗೆ ತೆಗೆದುಕೊಳ್ಳಿ. ಮಾತ್ರೆ ಉಬ್ಬಿಕೊಂಡಿರುವ ಕಡೆ ಬೇಡ, ತಿರುಗಿಸಿ. ಬೆಳ್ಳಿ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದನ್ನು ಬಿಡಿ. ಅದರ ಕೆಳಗೆ ಇರುವೆ ಸಾಲಿನಂತೆ ಸಣ್ಣಕ್ಷರ ಇದೆಯಲ್ಲ, ಮಾತ್ರೆಯೊಳಗೆ ಏನಿದೆ ಎಂದು ಬರೆದಿರುವುದು ಅಲ್ಲಿ. ಕಾಣುತ್ತಿಲ್ಲ ಅಲ್ವಾ? ನನಗೂ ಕಾಣುವುದಿಲ್ಲ. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಇಂಗ್ಲಿಷ್ ಓದಲು ಬಾರದವರು ಪಕ್ಕದವರ ಕೈಗೆ ಕೊಡಿ.

ನಾನು ಡಾಕ್ಟರ್ ಅಲ್ಲ. ಮೆಡಿಕಲ್ ಶಾಪ್ ಇಟ್ಟುಕೊಂಡು ಇಪ್ಪತ್ತಾರು ವರ್ಷ ಕೌಂಟರಿನ ಹಿಂದೆ ನಿಂತವನು. ಯಾವ ಮಾತ್ರೆ, ಎಷ್ಟು ಎಂದು ಹೇಳುವುದು ನಿಮ್ಮ ಡಾಕ್ಟರ ಕೆಲಸ. ಅವರು ಬರೆದುಕೊಟ್ಟದ್ದು ಮನೆಗೆ ಹೋದ ಮೇಲೆ ಏನಾಗುತ್ತದೆ ಎಂಬುದು ಮಾತ್ರ ನನಗೆ ಸ್ವಲ್ಪ ಗೊತ್ತು. "ಶುಗರ್ ಮಾತ್ರೆ ಕೊಡಿ, ಅದೇ, ಹಳದಿ ಬಣ್ಣದ್ದು" ಎಂದು ಕೇಳಿಕೊಂಡು ದಿನಕ್ಕೆ ನಾಲ್ಕೈದು ಜನ ಬರುತ್ತಾರೆ. ಹಳದಿ ಬಣ್ಣದ ಶುಗರ್ ಮಾತ್ರೆ ನನ್ನ ಕಪಾಟಿನಲ್ಲೇ ಏಳೆಂಟು ಥರ ಇವೆ.

ಮುಂದಿನ ಸಾಲಿನಲ್ಲಿ ಕೂತಿರುವ ಅಮ್ಮ, ನಿಮ್ಮ ಸ್ಟ್ರಿಪ್ ಒಮ್ಮೆ ಕೊಡಿ. ನೋಡಿ, ಈ ಮಾತ್ರೆಗೆ ಎರಡು ಬಣ್ಣ. ಒಂದು ಪದರ ಬಿಳಿ, ಇನ್ನೊಂದು ಪದರ ಹಳದಿ. ಚಂದಕ್ಕೆ ಮಾಡಿದ್ದಲ್ಲ. ಎರಡು ಬೇರೆ ಬೇರೆ ಔಷಧಿಯನ್ನು ಒಟ್ಟಿಗೆ ಒತ್ತಿ ಒಂದು ಮಾತ್ರೆ ಮಾಡಿದ್ದಾರೆ. ಹಿಂಬದಿಯಲ್ಲಿ ಬರೆದಿದೆ: ಗ್ಲಿಮೆಪಿರೈಡ್ 1 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500 ಮಿಲಿಗ್ರಾಂ. ನಮ್ಮ ಕಡೆ ಶುಗರ್ ಇರುವವರ ಚೀಟಿಯಲ್ಲಿ ತೀರಾ ಸಾಮಾನ್ಯವಾಗಿ ಕಾಣುವ ಜೋಡಿ ಇದು. ಇಬ್ಬರ ಸ್ವಭಾವವೂ ಬೇರೆ. ಒಬ್ಬನನ್ನು ನುಂಗುವಾಗ ನಾವು ಊಟದ ಮೇಲೆ ಕಣ್ಣಿಡಬೇಕು, ಇನ್ನೊಬ್ಬನನ್ನು ನುಂಗುವಾಗ ಕಿಡ್ನಿಯ ಮೇಲೆ. ಇವತ್ತು ಹೆಚ್ಚಾಗಿ ಇವರಿಬ್ಬರ ಬಗ್ಗೆಯೇ ಮಾತಾಡುತ್ತೇನೆ.

ಮೊದಲು ಗ್ಲಿಮೆಪಿರೈಡ್. ಇದು ಸಲ್ಫೋನಿಲ್‌ಯೂರಿಯಾ ಎಂಬ ಗುಂಪಿಗೆ ಸೇರಿದ್ದು. ಈ ಗುಂಪಿನ ಔಷಧಿ ಸಿಕ್ಕಿದ್ದೇ ಒಂದು ಅನಾಹುತದಿಂದ. 1942ರಲ್ಲಿ, ಯುದ್ಧದ ಹೊತ್ತಿನಲ್ಲಿ, ಫ್ರಾನ್ಸಿನ ಮಾಂಪೆಲಿಯೆ ಎಂಬ ಊರಿನಲ್ಲಿ ಮಾರ್ಸೆಲ್ ಜಾಂಬೋನ್ ಎಂಬ ವೈದ್ಯರು ಟೈಫಾಯಿಡ್ ರೋಗಿಗಳಿಗೆ ಹೊಸದೊಂದು ಸಲ್ಫಾ ಔಷಧಿ ಕೊಟ್ಟು ನೋಡುತ್ತಿದ್ದರು. ಕೆಲವರಿಗೆ ಫಿಟ್ಸ್ ಬಂತು, ಪ್ರಜ್ಞೆ ತಪ್ಪಿತು. ರಕ್ತ ನೋಡಿದರೆ ಸಕ್ಕರೆ ತಳ ಮುಟ್ಟಿತ್ತು. ಅದೇ ಊರಿನ ಆಗುಸ್ತ್ ಲುಬಾತಿಯೇರ್ ಅವರು ಹಿಂದೆ ಬಿದ್ದು, ಈ ಔಷಧಿ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ ಎಂದು ತೋರಿಸಿದರು. ಅಲ್ಲಿಂದ ಮುಂದೆ ಬಂದ ಸಂತತಿ ನಿಮ್ಮ ಕೈಯಲ್ಲಿರುವ ಹಳದಿ ಪದರ. ಮೊದಲು ಕಣ್ಣಿಗೆ ಬಿದ್ದದ್ದೇ ಅದರ ಅಪಾಯ, ಗುಣ ಆಮೇಲೆ ಗೊತ್ತಾಗಿದ್ದು.

ಗ್ಲಿಮೆಪಿರೈಡ್ ನೀವು ಉಂಡಿದ್ದೀರಾ ಇಲ್ಲವಾ ಎಂದು ಕಾಯುತ್ತಾ ಕೂರುವುದಿಲ್ಲ. ಇನ್ಸುಲಿನ್ ಹೊರಡಿಸು ಎಂದು ಗ್ರಂಥಿಗೆ ತಿವಿಯುತ್ತಲೇ ಇರುತ್ತದೆ. ಅದಕ್ಕೇ ಇದನ್ನು ಬೆಳಗಿನ ತಿಂಡಿಯ ಜೊತೆ, ಅಥವಾ ದಿನದ ಮೊದಲ ಸರಿಯಾದ ಊಟದ ಜೊತೆ ತೆಗೆದುಕೊಳ್ಳಿ ಎನ್ನುವುದು. ತಟ್ಟೆ ಮುಂದೆ ಬಂದ ಮೇಲೆ ಮಾತ್ರೆ. ಮಾತ್ರೆ ನುಂಗಿ "ಇಡ್ಲಿ ಬೆಂದಿಲ್ಲ, ಇನ್ನೊಂದು ಗಂಟೆ" ಎಂದು ವಾಕಿಂಗ್ ಹೊರಡುವುದಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತಿದ್ದೆ. ಸರಿಯಾಗಿ ಗೊತ್ತಾಗಿದ್ದು ಮಾತ್ರ ನಮ್ಮಮ್ಮನಿಂದ.

ಅಮ್ಮನಿಗೆ ಏಕಾದಶಿ ಎಂದರೆ ಏಕಾದಶಿ. ಅವತ್ತು ಎಂಟು ಗಂಟೆಗೆ ಅರ್ಧ ಲೋಟ ಹಾಲು ಕುಡಿದು ಮಾತ್ರೆ ನುಂಗಿದ್ದರು. "ಮಾತ್ರೆ ಒಂದು ದಿನವೂ ತಪ್ಪಿಸಬಾರದು" ಎಂದು ದಿನಾ ಹೇಳುತ್ತಿದ್ದವನು ನಾನೇ ತಾನೇ? ಹನ್ನೊಂದೂವರೆಗೆ ನಾನು ಯಾವುದೋ ಬಿಲ್ ತರಲು ಮನೆಗೆ ಬಂದೆ. ಅಮ್ಮ ದೇವರ ಕೋಣೆಯ ಬಾಗಿಲಲ್ಲಿ ಕೂತು ಹೂವಿನ ಎಸಳು ಬಿಡಿಸುತ್ತಿದ್ದರು. ಬಿಡಿಸಿದ್ದನ್ನೇ ಮತ್ತೆ ಬಿಡಿಸುತ್ತಿದ್ದರು. "ಏನಮ್ಮಾ" ಎಂದರೆ ರೇಗಿದರು. ಎಂದೂ ರೇಗುವವರಲ್ಲ. ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು, ಅಷ್ಟು ಬೆವರು. ಬೆರಳು ನಡುಗುತ್ತಿತ್ತು. ಮೀಟರಿಗೆ ಒಂದು ತೊಟ್ಟು ರಕ್ತ ಹಾಕಿದೆ. 54.

70ಕ್ಕಿಂತ ಕೆಳಗೆ ಹೋದರೆ ಲೋ ಶುಗರ್. ಆಗ 15 ಗ್ರಾಂ ಸಿಹಿ ಕೊಡಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಬಾಯಿಪಾಠ. ಅಡುಗೆ ಮನೆಗೆ ಓಡಿ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿದೆ. ಹದಿನೈದು ನಿಮಿಷ ಕಾದೆ. ಮೀಟರ್ 57 ತೋರಿಸಿತು. ಮೀಟರ್ ಕೆಟ್ಟಿದೆಯಾ ಎಂದು ನನ್ನ ಬೆರಳಿಗೇ ಚುಚ್ಚಿಕೊಂಡೆ. ಕೆಟ್ಟಿರಲಿಲ್ಲ. ಆಗ ಅಮ್ಮನ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿದೆ. ಮೂರು ಔಷಧಿ ಇತ್ತು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ಮತ್ತೆ ವೋಗ್ಲಿಬೋಸ್. ನಾನೇ ಅಂಗಡಿಯಿಂದ ತಂದುಕೊಟ್ಟದ್ದು. ಮೂರನೆಯವನು ಒಳಗೆ ಕೂತಿದ್ದಾನೆ ಎಂಬುದು ಆ ಗಾಬರಿಯಲ್ಲಿ ತಲೆಗೇ ಹೊಳೆಯಲಿಲ್ಲ.

ವೋಗ್ಲಿಬೋಸ್ ಕೆಲಸ ಮಾಡುವುದು ಕರುಳಿನಲ್ಲಿ. ನಾವು ತಿನ್ನುವ ಸಕ್ಕರೆ ಹಾಗೇ ರಕ್ತಕ್ಕೆ ಹೋಗುವುದಿಲ್ಲ. ಕರುಳಿನಲ್ಲಿರುವ ಕಿಣ್ವ ಅದನ್ನು ಮೊದಲು ಮುರಿಯಬೇಕು. ವೋಗ್ಲಿಬೋಸ್ ಆ ಕಿಣ್ವದ ಕೈ ಕಟ್ಟುತ್ತದೆ. ಊಟದ ನಂತರ ಶುಗರ್ ಸರ್ರನೆ ಏರದಿರಲಿ ಎಂದು ಇದನ್ನು ಕೊಡುವುದು. ಕೆಲವರಿಗೆ ಇದರಿಂದ ಹೊಟ್ಟೆ ಗುಡುಗುಡು, ಗ್ಯಾಸ್. ಆದರೆ ಲೋ ಶುಗರ್ ಆದಾಗಲೂ ಅದು ಅದೇ ಕೆಲಸ ಮಾಡುತ್ತದೆ. ನೀವು ಕೊಟ್ಟ ಸಕ್ಕರೆಯನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಆಗ ಬೇಕಾದದ್ದು ಗ್ಲೂಕೋಸ್. ಅದನ್ನು ಮುರಿಯುವ ಅಗತ್ಯವೇ ಇಲ್ಲ, ನೇರ ಒಳಗೆ ಹೋಗುತ್ತದೆ. ಅಂಗಡಿಗೆ ಫೋನ್ ಮಾಡಿದೆ, ಹುಡುಗ ಸೈಕಲ್ಲಿನಲ್ಲಿ ಗ್ಲೂಕೋಸ್ ಪುಡಿ ತಂದ. ಮೂರು ಚಮಚ ನೀರಿನಲ್ಲಿ ಕೊಟ್ಟೆ. ಕಾಲು ಗಂಟೆಗೆ 82. ಅಮ್ಮ ಕಣ್ಣು ಉಜ್ಜಿಕೊಂಡು "ಏಕಾದಶಿ ಕೆಡಿಸಿಬಿಟ್ಟೆಯಲ್ಲೋ" ಎಂದರು.

ಹಾಗಾಗಿ ಸ್ಟ್ರಿಪ್ಪಿನ ಹಿಂದೆ ವೋಗ್ಲಿಬೋಸ್ ಅಥವಾ ಅದರದೇ ಜಾತಿಯ ಅಕಾರ್ಬೋಸ್ ಎಂದಿದ್ದರೆ ಮನೆಯಲ್ಲಿ ಒಂದು ಡಬ್ಬಿ ಸಾದಾ ಗ್ಲೂಕೋಸ್ ಪುಡಿ ಇರಲಿ. ಸಾದಾ ಎಂದೆ. ಕಿತ್ತಳೆ, ನಿಂಬೆ ರುಚಿಯ ಪುಡಿಗಳಲ್ಲಿ ಕೆಲವಕ್ಕೆ ಮಾಮೂಲಿ ಸಕ್ಕರೆ ಬೆರೆಸಿರುತ್ತಾರೆ. ಉಳಿದವರಿಗೆ ಸಕ್ಕರೆ ನೀರೇ ಸಾಕು. ಚಾಕೊಲೇಟ್, ಮೈಸೂರು ಪಾಕು ಬೇಡ. ಕೊಬ್ಬು ಇರುವ ಸಿಹಿ ನಿಧಾನ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರಿನ ದಾರಿಗೆ ಹೋಗುತ್ತದೆ. 108ಕ್ಕೆ ಫೋನ್ ಮಾಡಿ. ಶುಗರ್ ಮೇಲೆ ಬಂತು ಎಂದು ಅಷ್ಟಕ್ಕೇ ಬಿಡಬೇಡಿ. ಗ್ಲಿಮೆಪಿರೈಡ್ ಇಡೀ ದಿನ ಮೈಯಲ್ಲಿರುತ್ತದೆ, ಮತ್ತೆ ಕೆಳಗೆಳೆಯಬಹುದು. ಏನಾದರೂ ಊಟ ಕೊಟ್ಟು, ಒಂದು ದಿನ ಕಣ್ಣಿಟ್ಟಿರಬೇಕು. ಡಾಕ್ಟರಿಗೆ ಹೇಳಲೇಬೇಕು. ಅಮ್ಮನಿಗೆ ಆಮೇಲೆ ಗ್ಲಿಮೆಪಿರೈಡ್ ತೆಗೆದೇ ಹಾಕಿದರು. ಎಪ್ಪತ್ತು ದಾಟಿದವರಿಗೆ ಶುಗರ್ ಬಿಗಿಯಾಗಿ ಹಿಡಿಯುವುದಕ್ಕಿಂತ ಬೀಳದಂತೆ ನೋಡಿಕೊಳ್ಳುವುದು ಮುಖ್ಯ ಎಂದರು. ಗ್ಲಿಬೆನ್‌ಕ್ಲಮೈಡ್ ಎಂಬ ಹಳೇ ಮಾತ್ರೆ ಈ ವಿಷಯದಲ್ಲಿ ಇನ್ನೂ ಜೋರು. ವಯಸ್ಸಾದವರ ಸ್ಟ್ರಿಪ್ಪಿನಲ್ಲಿ ಆ ಹೆಸರು ಕಂಡರೆ ಮುಂದಿನ ಭೇಟಿಯಲ್ಲಿ "ಇದು ನನಗೆ ಈಗಲೂ ಬೇಕಾ ಡಾಕ್ಟ್ರೇ" ಎಂದು ಕೇಳಿ.

ಇನ್ನೆರಡು ಸಣ್ಣ ವಿಷಯ. ಬಿಪಿಗೋ ಕೈ ನಡುಕಕ್ಕೋ ಪ್ರೊಪ್ರನಲಾಲ್ ಥರದ ಮಾತ್ರೆ ತಿನ್ನುವವರಿಗೆ ಲೋ ಶುಗರ್ ಆದರೆ ನಡುಕ, ಎದೆ ಬಡಿತ ಗೊತ್ತೇ ಆಗದೆ ಹೋಗಬಹುದು. ಬೆವರು ಮಾತ್ರ ಬರುತ್ತದೆ. ಹಾಗೇ ತುರಿಕೆಗೆಂದು ನಮ್ಮಂಥವರ ಹತ್ತಿರ ಫ್ಲೂಕೋನಜೋಲ್ ಕೇಳಿ ತೆಗೆದುಕೊಂಡು ಹೋಗುತ್ತೀರಿ. ಅದು ಗ್ಲಿಮೆಪಿರೈಡ್ ಮೈಯಿಂದ ಹೊರಹೋಗದಂತೆ ಹಿಡಿದಿಡುತ್ತದೆ, ಶುಗರ್ ಬೀಳುತ್ತದೆ. ಕೇಳದೇ ಕೊಡುವ ಅಂಗಡಿಯವರದ್ದೂ ತಪ್ಪಿದೆ, ಒಪ್ಪುತ್ತೇನೆ.

ಈಗ ಬಿಳಿ ಪದರ. ಮೆಟ್‌ಫಾರ್ಮಿನ್.

ಇವನು ಸಾಧು. ಒಬ್ಬನೇ ಇದ್ದಾಗ ಶುಗರ್ ಕೆಳಗೆ ಬೀಳಿಸುವುದು ಬಹಳ ಅಪರೂಪ. ಇನ್ಸುಲಿನ್ ಹೊರಡಿಸಲು ಹೋಗುವುದೇ ಇಲ್ಲ. ನಮ್ಮ ಲಿವರ್ ರಾತ್ರಿಯಿಡೀ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದಲ್ಲ, ಅದನ್ನು ತಗ್ಗಿಸುತ್ತಾನೆ. ಮೂಲ ಹುಡುಕಿಕೊಂಡು ಹೋದರೆ ಯುರೋಪಿನ ಒಂದು ಗಿಡಕ್ಕೆ ಹೋಗುತ್ತದೆ, ಗಲೇಗಾ ಎಂದು ಹೆಸರು, ನೀಲಿ ಹೂವಿನದು. ಮೆಟ್‌ಫಾರ್ಮಿನ್ನನ್ನು ಮೊದಲು ತಯಾರಿಸಿದ್ದು 1922ರಲ್ಲಿ ಡಬ್ಲಿನ್‌ನಲ್ಲಿ. ಜಾನ್ ಸ್ಟೆರ್ನ್ ಎಂಬ ಫ್ರೆಂಚ್ ವೈದ್ಯರು ಸಕ್ಕರೆ ಕಾಯಿಲೆಯವರಿಗೆ ಕೊಟ್ಟು ವರದಿ ಬರೆದದ್ದು 1957ರಲ್ಲಿ. ಅಷ್ಟು ವರ್ಷ ಯಾರೂ ಕೇಳುವವರಿರಲಿಲ್ಲ. ಇವನಿಗೊಬ್ಬ ಅಣ್ಣ ಇದ್ದ, ಫೆನ್‌ಫಾರ್ಮಿನ್ ಎಂದು. ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿಸಿ ಜೀವ ತೆಗೆಯುತ್ತಿದ್ದುದರಿಂದ 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಅವನನ್ನು ಹಿಂತೆಗೆದುಕೊಂಡರು. ಅಣ್ಣನ ಕೆಟ್ಟ ಹೆಸರು ತಮ್ಮನಿಗೂ ಅಂಟಿತು. ಅಮೆರಿಕ ಮೆಟ್‌ಫಾರ್ಮಿನ್ನಿಗೆ ಒಪ್ಪಿಗೆ ಕೊಟ್ಟದ್ದು 1994ರ ಡಿಸೆಂಬರಿನಲ್ಲಿ.

ತಮ್ಮನಲ್ಲಿ ಆ ಅಪಾಯ ತೀರಾ ಕಡಿಮೆ. ಆದರೂ ಒಂದು ಷರತ್ತಿದೆ. ಮೆಟ್‌ಫಾರ್ಮಿನ್ ಮೈಯಲ್ಲಿ ಕರಗಿ ಬೇರೇನೋ ಆಗುವುದಿಲ್ಲ. ಹೇಗಿತ್ತೋ ಹಾಗೇ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಹೊರಗೆ ಹಾಕುವವರು ಕಿಡ್ನಿ. ಕಿಡ್ನಿ ಸೋತರೆ ಮಾತ್ರೆ ಮೈಯಲ್ಲೇ ರಾಶಿ ಬೀಳುತ್ತದೆ.

ಕಿಡ್ನಿ ಸರಿ ಇದೆಯಾ ಎಂದು ಕೇಳಿದರೆ ಎಲ್ಲರೂ ಹೇಳುವುದು ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಒಂದು ಕಸ ರಕ್ತದಲ್ಲಿ ಎಷ್ಟಿದೆ ಎಂಬ ಅಳತೆ. "1.2 ಇದೆ ಸಾರ್, ನಾರ್ಮಲ್." ಸ್ವಲ್ಪ ತಡೆಯಿರಿ. ಮೂವತ್ತು ವರ್ಷದ ಗಂಡಸಿಗೆ 1.2 ಎಂದರೆ ಕಿಡ್ನಿಯ ಸೋಸುವ ಶಕ್ತಿ 80ರ ಮೇಲೆ. ಅದೇ 1.2 ಎಪ್ಪತ್ತೈದು ವರ್ಷದ ಹೆಂಗಸಿಗೆ ಬಂದರೆ ಲೆಕ್ಕ 47ರ ಹತ್ತಿರ ಬರುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಕೆಳಗೆ ಇಜಿಎಫ್‌ಆರ್ ಎಂಬ ಸಾಲು ಇರುತ್ತದೆ, ಅದು ಈ ಲೆಕ್ಕ. ಅಲ್ಲಿಗೆ ಬೆರಳಿಡಿ. 45ಕ್ಕಿಂತ ಕೆಳಗೆ ಬಂದರೆ ಡಾಕ್ಟರ್ ಸಾಮಾನ್ಯವಾಗಿ ಡೋಸ್ ಅರ್ಧಕ್ಕೆ ಇಳಿಸುತ್ತಾರೆ. 30ಕ್ಕಿಂತ ಕೆಳಗೆ ಮೆಟ್‌ಫಾರ್ಮಿನ್ ಕೊಡುವುದೇ ಇಲ್ಲ. ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆ ಆಗಬೇಕು. ಹಳೇ ಚೀಟಿ ಹಿಡಿದುಕೊಂಡು ಐದು ವರ್ಷದಿಂದ ಅದೇ ಡೋಸ್ ಒಯ್ಯುತ್ತಿರುವವರು ನನ್ನ ಅಂಗಡಿಗೂ ಬರುತ್ತಾರೆ. ಚೀಟಿಗೆ ಲ್ಯಾಮಿನೇಶನ್ ಮಾಡಿಸಿದವರನ್ನೂ ನೋಡಿದ್ದೇನೆ.

ಚೆನ್ನಾಗಿರುವ ಕಿಡ್ನಿಯೂ ನಾಲ್ಕು ದಿನಕ್ಕೆ ಸೋಲಬಹುದು. ವಾಂತಿ ಭೇದಿ ಶುರುವಾಯಿತು ಎನ್ನಿ. ನೀರು ನಿಲ್ಲುತ್ತಿಲ್ಲ. ಮೈ ಕೈ ನೋವಿಗೆ ಒಂದು ಡೈಕ್ಲೋಫೆನಾಕ್ ನುಂಗಿದಿರಿ. ಜೊತೆಗೆ ಬಿಪಿ ಮಾತ್ರೆ, ನೀರಿಳಿಸುವ ಮಾತ್ರೆ ಮಾಮೂಲಿನಂತೆ ನಡೆದೇ ಇದೆ. ಕಿಡ್ನಿಗೆ ರಕ್ತವೇ ಸಾಲುವುದಿಲ್ಲ. ಮೆಟ್‌ಫಾರ್ಮಿನ್ ತೊಂದರೆ ಕೊಡುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ. ಆದ್ದರಿಂದ ಊಟ ನೀರು ನಿಲ್ಲದಷ್ಟು ಕಾಯಿಲೆ ಬಿದ್ದ ದಿನ ಮೆಟ್‌ಫಾರ್ಮಿನ್ ತಾತ್ಕಾಲಿಕವಾಗಿ ನಿಲ್ಲಿಸಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ ಉಳಿದದ್ದನ್ನು ಏನು ಮಾಡಲಿ ಎಂದು ಕೇಳಿ. ಒಂದೆರಡು ದಿನ ಸರಿಯಾಗಿ ತಿಂದು ಕುಡಿದ ಮೇಲೆ ಮತ್ತೆ ಶುರು. ಇನ್ಸುಲಿನ್ ಹಾಕಿಕೊಳ್ಳುವವರು ಮಾತ್ರ ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಡೈ ಹಾಕಿ ಸ್ಕ್ಯಾನ್, ಆಂಜಿಯೋಗ್ರಾಂ ಮಾಡುತ್ತಾರೆ ಎಂದರೂ ಮೊದಲೇ "ನಾನು ಮೆಟ್‌ಫಾರ್ಮಿನ್ ತಿನ್ನುತ್ತೇನೆ" ಎಂದು ಹೇಳಿ. ಮದ್ಯ ಜಾಸ್ತಿ ಕುಡಿಯುವವರಿಗೂ ಇದು ಒಗ್ಗುವುದಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕಿರಿ, ಕೇಳಿಸಿತು.

ಶುರುವಿನಲ್ಲಿ ಹೊಟ್ಟೆ ಕೆಡುತ್ತದೆ, ಬಾಯಲ್ಲಿ ಕಬ್ಬಿಣದ ರುಚಿ ಬರುತ್ತದೆ ಎಂದು ಬಿಟ್ಟುಬಿಡುವವರು ಬಹಳ ಜನ. ಊಟದ ಜೊತೆ ತೆಗೆದುಕೊಂಡು, ಸಣ್ಣ ಡೋಸಿನಿಂದ ನಿಧಾನವಾಗಿ ಏರಿಸಿದರೆ ಬಹುಪಾಲು ಜನಕ್ಕೆ ಒಗ್ಗುತ್ತದೆ. ಆಗಲೂ ಆಗದಿದ್ದರೆ ಎಸ್‌ಆರ್ ಅಥವಾ ಎಕ್ಸ್‌ಆರ್ ಎಂದು ಬರೆದ ಮಾತ್ರೆ ಬರುತ್ತದೆ, ನಿಧಾನಕ್ಕೆ ಬಿಡುಗಡೆ ಆಗುವಂಥದ್ದು. ಅದನ್ನು ಪುಡಿ ಮಾಡಬಾರದು, ಅಗಿಯಬಾರದು. ಮಾತ್ರೆ ದಪ್ಪ, ಗಂಟಲಲ್ಲಿ ಇಳಿಯುವುದಿಲ್ಲ ಎಂದು ಕುಟ್ಟಾಣಿಯಲ್ಲಿ ಕುಟ್ಟಿ ಜೇನಿನಲ್ಲಿ ಕಲಸಿ ಕೊಡುತ್ತಿದ್ದ ಸೊಸೆಯೊಬ್ಬಳು ಬಹಳ ಹೆಮ್ಮೆಯಿಂದ ನನಗೆ ಹೇಳಿದ್ದಳು. ಒಂದು ದಿನಕ್ಕೆಂದು ಕಟ್ಟಿದ ಬುತ್ತಿಯನ್ನು ಒಂದೇ ಸಲಕ್ಕೆ ಸುರಿದ ಹಾಗೆ ಅದು. ನುಂಗಲು ಆಗದಿದ್ದರೆ ಹೇಳಿ, ಬೇರೆ ರೂಪದಲ್ಲಿ ಸಿಗುತ್ತದೆ. ಇನ್ನೊಂದು, ಈ ಮಾತ್ರೆಯ ಸಿಪ್ಪೆ ಕೆಲವೊಮ್ಮೆ ಇಡಿಯಾಗಿ ಮಲದಲ್ಲಿ ಕಾಣುತ್ತದೆ. ಔಷಧಿ ಹತ್ತಿಲ್ಲ ಎಂದು ಗಾಬರಿಯಾಗಬೇಡಿ. ಔಷಧಿ ಒಳಗೆ ಹೋಗಿದೆ, ಬಂದದ್ದು ಬರೀ ಡಬ್ಬಿ.

ಪಾದ ಜೋಮು ಹಿಡಿಯುತ್ತದೆ, ಹತ್ತಿಯ ಮೇಲೆ ನಡೆದಂತೆ ಆಗುತ್ತದೆ ಎಂದು ಎಷ್ಟು ಜನ ಹೇಳುತ್ತೀರಿ? ಕೈ ಎತ್ತಿ. ಹೂಂ, ಇಷ್ಟೊಂದು. ಶುಗರಿನಿಂದ ನರ ಕೆಟ್ಟರೆ ಹಾಗಾಗುತ್ತದೆ ಎಂಬುದು ನಿಜ. ಆದರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದರೆ ಬಿ12 ವಿಟಮಿನ್ ಕಡಿಮೆಯಾಗಬಹುದು, ಅದರಿಂದಲೂ ಥೇಟ್ ಹೀಗೇ ಆಗುತ್ತದೆ. ಬಿ12 ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ. ಸಸ್ಯಾಹಾರಿಗಳಿಗೆ ಮೊದಲೇ ಕೊರತೆ. ಮೇಲೆ ದಿನಾ ಬೆಳಿಗ್ಗೆ ಗ್ಯಾಸ್ ಮಾತ್ರೆ ತಿನ್ನುವ ಅಭ್ಯಾಸ ಬೇರೆ, ಅದೂ ಬಿ12 ಹೀರದಂತೆ ಮಾಡುತ್ತದೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವ ವಿಷಯ ಇದು. ನರಕ್ಕೆ ದುಬಾರಿ ಮಾತ್ರೆ ಬರೆಸಿಕೊಳ್ಳುವ ಮುಂಚೆ ಇದನ್ನು ಕೇಳಿ.

ಹೊಸಬರ ಬಗ್ಗೆ ಎರಡು ಮಾತು. ಡಾಪಾಗ್ಲಿಫ್ಲೋಜಿನ್ ಎಂದು ಕೆಲವರ ಸ್ಟ್ರಿಪ್ಪಿನಲ್ಲಿರಬಹುದು. 2020ರಲ್ಲಿ ನಮ್ಮ ದೇಶದಲ್ಲಿ ಪೇಟೆಂಟ್ ಮುಗಿದ ಮೇಲೆ ಬೆಲೆ ಇಳಿದು ಮನೆಮನೆಗೂ ಬಂತು. ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಹೃದಯ, ಕಿಡ್ನಿ ಎರಡಕ್ಕೂ ಒಳ್ಳೆಯದು. ಮೂತ್ರದ ಜಾಗದಲ್ಲಿ ತುರಿಕೆ, ಫಂಗಸ್ ಬರಬಹುದು. ನಾಚಿಕೊಂಡು ಸುಮ್ನೆ ಕೂರಬೇಡಿ, ಹೇಳಿ. ಆಪರೇಷನ್ ಇದ್ದರೆ ಮೂರು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ, ಸರ್ಜನ್‌ಗೆ ತಿಳಿಸಿ. ಊಟ ಬಿಟ್ಟು ವಾಂತಿಯಾಗುತ್ತಿದ್ದರೆ, ಉಸಿರು ಜೋರಾದರೆ, ಮೀಟರಿನಲ್ಲಿ ಶುಗರ್ 180 ಇದ್ದರೂ ಆಸ್ಪತ್ರೆಗೆ ಹೋಗಿ. ಈ ಮಾತ್ರೆ ತಿನ್ನುವವರಲ್ಲಿ ಶುಗರ್ ಅಷ್ಟೇನೂ ಏರದೆಯೇ ರಕ್ತ ಆಮ್ಲವಾಗುವುದುಂಟು. ಅಪರೂಪ, ಆದರೆ ಮೀಟರ್ ನೋಡಿ ಮೋಸಹೋಗುವಂಥದ್ದು.

ಪ್ರಶ್ನೆ ಕೇಳಿ ಎಂದೆ. ಮೊದಲು ಕೈ ಎತ್ತಿದ್ದು ನಿವೃತ್ತ ಮೇಷ್ಟ್ರು. ಮಾತ್ರೆ ಮರೆತರೆ? ಮರೆತದ್ದು ಮರೆತದ್ದು ಮೇಷ್ಟ್ರೇ. ಮುಂದಿನ ಹೊತ್ತಿಗೆ ಎರಡು ಸೇರಿಸಿ ನುಂಗಬೇಡಿ. ಇನ್ನೊಬ್ಬರು, ಹಾಗಲಕಾಯಿ ರಸ ಕುಡಿಯಬಹುದಾ? ಪಲ್ಯ ಮಾಡಿ ತಿನ್ನಿ, ಯಾರೂ ಬೇಡ ಎನ್ನುವುದಿಲ್ಲ. ಲೋಟಗಟ್ಟಲೆ ರಸವನ್ನು ಗ್ಲಿಮೆಪಿರೈಡ್ ಮೇಲೆ ಹೊಯ್ದರೆ ಎರಡೂ ಸೇರಿ ಶುಗರ್ ಕೆಡವಬಹುದು, ಕುಡಿಯುವುದಾದರೆ ಡಾಕ್ಟರಿಗೆ ಹೇಳಿ ಕುಡಿಯಿರಿ. ರಂಜಾನ್ ಉಪವಾಸಕ್ಕೆ ಏನು ಮಾಡಲಿ ಎಂದು ನಮ್ಮ ಬೀದಿಯ ಟೈಲರ್ ಸಾಹೇಬರು ಕೇಳಿದರು. ತಿಂಗಳು ಶುರುವಾಗುವ ಮುಂಚೆಯೇ ಡಾಕ್ಟರನ್ನು ಕಾಣಿ ಸಾಹೇಬ್ರೇ. ಬೆಳಗಿನ ಗ್ಲಿಮೆಪಿರೈಡನ್ನು ಅವರು ಸಾಮಾನ್ಯವಾಗಿ ಇಫ್ತಾರಿಗೆ ಬದಲಾಯಿಸುತ್ತಾರೆ, ಡೋಸ್ ಇಳಿಸಲೂಬಹುದು. ಬೆರಳು ಚುಚ್ಚಿ ಶುಗರ್ ನೋಡಿಕೊಂಡರೆ ರೋಜಾ ಮುರಿಯುವುದಿಲ್ಲ ಎಂದು ಧರ್ಮಗುರುಗಳೂ ಹೇಳಿದ್ದಾರೆ. 70ಕ್ಕಿಂತ ಕೆಳಗಿದ್ದರೆ ಬಿಡಲೇಬೇಕು. ನಮ್ಮಮ್ಮನಿಗೂ ಏಕಾದಶಿಗೆ ಇದನ್ನೇ ಹೇಳಿದ್ದು.

ಕತ್ತರಿಸಿದ ಸ್ಟ್ರಿಪ್ ಬಗ್ಗೆ ಹೇಳುವುದು ಮರೆತಿದ್ದೆ. "ಐದೇ ಮಾತ್ರೆ ಸಾಕು" ಎಂದಾಗ ನಾವು ಕತ್ತರಿಯಿಂದ ಕತ್ತರಿಸಿ ಕೊಡುತ್ತೇವೆ. ಹೆಸರು ಒಂದು ತುಂಡಿಗೆ, ಎಕ್ಸ್‌ಪೈರಿ ಡೇಟ್ ಇನ್ನೊಂದು ತುಂಡಿಗೆ. ಕೈಯಲ್ಲಿ ಉಳಿಯುವುದು ಐದು ಅನಾಮಧೇಯ ಮಾತ್ರೆ. ಶುಗರ್ ಮಾತ್ರೆ ತಪ್ಪದೆ ಬೇಕಾದದ್ದು, ಇಡೀ ಸ್ಟ್ರಿಪ್ಪೇ ತೆಗೆದುಕೊಳ್ಳಿ. ದುಬಾರಿ ಎನಿಸಿದರೆ ಜನೌಷಧಿ ಕೇಂದ್ರಕ್ಕೆ ಹೋಗಿ, ಅಲ್ಲಿ ಅಗ್ಗ. ನನ್ನ ವ್ಯಾಪಾರ ಹೋದರೂ ಪರವಾಗಿಲ್ಲ. ಅಲ್ಲಿ ಕಂಪನಿ ಹೆಸರು ಹೇಳಿದರೆ ನಡೆಯುವುದಿಲ್ಲ, ಹಿಂಬದಿಯ ಹೆಸರೇ ಹೇಳಬೇಕು.

ಮಾತು ಮುಗಿದು ಕಾಫಿ ಬಂತು. ಯಜಮಾನರೊಬ್ಬರು ಪಂಚೆ ಮೇಲೆತ್ತಿಕೊಂಡು ಒಂದು ಪ್ಲಾಸ್ಟಿಕ್ ಕವರ್ ಹಿಡಿದು ಬಂದರು. ಒಳಗೆ ಏಳು ಸ್ಟ್ರಿಪ್. ಎದೆ ನೋವು ಬಂದು ದೊಡ್ಡಾಸ್ಪತ್ರೆಗೆ ಸೇರಿ ಬಂದಿದ್ದರಂತೆ. ಮನೆ ಹತ್ತಿರದ ಡಾಕ್ಟರ ಮಾತ್ರೆಯೂ ಇದೆ, ಅಲ್ಲಿಯವರು ಬರೆದದ್ದೂ ಇದೆ. ಮೇಜಿನ ಮೇಲೆ ಏಳನ್ನೂ ಬೋರಲು ಹಾಕಿದೆವು. ಒಂದು ನೀಲಿ ಪಟ್ಟಿಯದು, ಒಂದು ಹಸಿರು ಪಟ್ಟಿಯದು. ಕಂಪನಿ ಬೇರೆ, ಹೆಸರು ಬೇರೆ. ಹಿಂಬದಿಯಲ್ಲಿ ಎರಡರಲ್ಲೂ ಗ್ಲಿಮೆಪಿರೈಡ್ 2, ಮೆಟ್‌ಫಾರ್ಮಿನ್ 500. ಎರಡನ್ನೂ ದಿನಾ ಬೆಳಿಗ್ಗೆ ತಿನ್ನುತ್ತಿದ್ದರು, ಹದಿಮೂರು ದಿನದಿಂದ.

"ಮಧ್ಯಾಹ್ನದ ಹೊತ್ತಿಗೆ ಬೆವರುತ್ತದಾ ಯಜಮಾನ್ರೇ?" ಎಂದೆ.

"ಬೆವರುತ್ತದಪ್ಪ. ಹಾರ್ಟಿನದ್ದು ಅಂದುಕೊಂಡಿದ್ದೆ."

ಕಾಫಿ ಅಲ್ಲೇ ಬಿಟ್ಟು ಅವರ ಡಾಕ್ಟರಿಗೆ ಫೋನ್ ಹಚ್ಚಿದೆವು.